ಓಪನ್ ಸೈನ್ಸ್ ತರಬೇತಿ ಮುಗಿಯಿತು, ರೈತ ಕುಟುಂಬಗಳ ಸರ್ವೆ ಡೇಟಾ ಮುಂದಿದೆ. ಎಲ್ಲಿಂದ ಶುರು ಮಾಡೋದು?

ಹೊಲಗಣಿತ (ಪ್ರಶ್ನೆ)

ತರಬೇತಿಯಲ್ಲಿ ಗಿಟ್ (ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಸಾಧನ), ಆರ್‌ಎನ್‌ವಿ (ಆರ್ ಪ್ಯಾಕೇಜ್‌ಗಳ ಆವೃತ್ತಿ ಬರೆದಿಡುವುದು), ಡಾಕರ್ (ಇಡೀ ಸಾಫ್ಟ್‌ವೇರ್ ವ್ಯವಸ್ಥೆಯನ್ನೇ ಕಟ್ಟಿಡುವುದು), ಪ್ರೀರಿಜಿಸ್ಟ್ರೇಷನ್ (ವಿಶ್ಲೇಷಣೆಯ ಯೋಜನೆಯನ್ನು ಮೊದಲೇ ನೋಂದಾಯಿಸುವುದು), ಝೆನೋಡೊ (ಡೇಟಾ, ಕೋಡ್ ಇಡುವ ಆನ್‌ಲೈನ್ ಭಂಡಾರ) ಎಲ್ಲದರ ಪರಿಚಯ ಆಗಿದೆ. ಈಗ ಪಿಎಚ್‌ಡಿ ಕೆಲಸಕ್ಕೆ ಅದನ್ನು ಹೊಂದಿಸಬೇಕು.

ಇರುವುದು ಇಷ್ಟು: ಎರಡು ತಾಲ್ಲೂಕುಗಳ ಸುಮಾರು 400 ರೈತ ಕುಟುಂಬಗಳ ಸರ್ವೆ. ಮೊದಲ ಸುತ್ತು ಮುಗಿದಿದೆ, ಎರಡನೆಯದು ಮುಂಗಾರಿನ ಕೊಯ್ಲು ಆದಮೇಲೆ. ಅರ್ಧ ಡೇಟಾ ಕೋಬೊ ಎಂಬ ಸರ್ವೆ ಆ್ಯಪ್‌ನದು, ಉಳಿದರ್ಧ ಕಾಗದದ ಫಾರಂ ನೋಡಿ ಎಕ್ಸೆಲ್‌ಗೆ ಟೈಪ್ ಮಾಡಿಸಿದ್ದು. ಹೆಸರು, ಮೊಬೈಲ್, ಜಮೀನಿನ ಸರ್ವೆ ನಂಬರ್, ಮನೆಯ ಜಿಪಿಎಸ್ ಎಲ್ಲ ಒಂದೇ ಶೀಟಿನಲ್ಲಿ. ವಿಶ್ಲೇಷಣೆ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ನಲ್ಲಿ. ಫೋಲ್ಡರ್ ತುಂಬ ‘ಫೈನಲ್’, ‘ಫೈನಲ್2’, ‘ಫೈನಲ್_ಗೈಡ್_ನೋಡಿದ್ದು’.

ಎಲ್ಲವನ್ನೂ ಒಟ್ಟಿಗೆ ಮಾಡಲು ಪುರಸೊತ್ತಿಲ್ಲ. ಯಾವುದು ಮೊದಲು? ಡೇಟಾ ಬಂದಾದ ಮೇಲೆ ಪ್ರೀರಿಜಿಸ್ಟ್ರೇಷನ್‌ಗೆ ಅರ್ಥ ಇದೆಯೇ? ಡೇಟಾ ಹೊರಗೆ ಕೊಡಲು ಗೈಡ್ ಒಪ್ಪುತ್ತಿಲ್ಲ, ‘ನಮ್ಮ ಪೇಪರ್ ಬರೋ ಮುಂಚೆ ಬೇರೆಯವರು ಬರೆದುಬಿಟ್ಟರೆ?’ ಅಂತಾರೆ. ಅವರಿಗೆ ಏನು ಹೇಳಬಹುದು?

ಕಣಜ

ಗಿಟ್ ಆಮೇಲೆ, ಮೊದಲು ಕಚ್ಚಾ ಡೇಟಾ. ಕೋಡ್ ಕೆಟ್ಟರೆ ಮತ್ತೆ ಬರೆಯಬಹುದು. ಎಕ್ಸೆಲ್‌ನಲ್ಲಿ ಅಳಿಸಿಹೋದ ಉತ್ತರಕ್ಕೆ ಮತ್ತೆ ಊರಿಗೇ ಹೋಗಬೇಕಾಗುತ್ತದೆ.

ಕೋಬೊದಿಂದ ಇಳಿಸುವಾಗ ಕನ್ನಡ ಲೇಬಲ್ ಬೇಡ, ‘ಎಕ್ಸ್‌ಎಂಎಲ್ ವ್ಯಾಲ್ಯೂಸ್ ಅಂಡ್ ಹೆಡರ್ಸ್’ ಆರಿಸಿ. ಎರಡನೇ ಸುತ್ತಿಗೆ ಪ್ರಶ್ನೆಯ ಮಾತು ಒಂಚೂರು ತಿದ್ದಿದರೂ ಲೇಬಲ್ ಬದಲಾಗುತ್ತದೆ, ಕಾಲಂ ಹೆಸರು ನಂಬಿದ ಕೋಡ್ ಅಲ್ಲೇ ನಿಲ್ಲುತ್ತದೆ. ಇಳಿಸಿದ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿ ರೀಡ್-ಓನ್ಲಿ ಮಾಡಿ. ಇನ್ನು ಮೇಲೆ ತಿದ್ದುಪಡಿ ಏನಿದ್ದರೂ ಸ್ಕ್ರಿಪ್ಟ್‌ನಲ್ಲಿ, ಕಾರಣ ಸಮೇತ: ‘ಕುಟುಂಬ 217, ಹಸು 33 ಅಲ್ಲ 3, ಕಾಗದದ ಫಾರಂ ನೋಡಿ ಸರಿಪಡಿಸಿದ್ದು’.

ಟೈಪ್ ಮಾಡಿಸಿದ ಅರ್ಧದಲ್ಲಿ ಎರಡು ಕಾಲಂ ಇವತ್ತೇ ತೆಗೆದು ನೋಡಿ.

ಒಂದು, ಸರ್ವೆ ನಂಬರ್. 12/3 ಎಂದು ಹೊಡೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ, 112/2 ಮಾತ್ರ ಹಾಗೇ ಉಳಿಯುತ್ತದೆ. ಆರ್‌ಗೆ ತಂದಾಗ ನಡುನಡುವೆ 45 ಸಾವಿರದ ಆಸುಪಾಸಿನ ಅಂಕಿಗಳು ಕಂಡರೆ ಅವು ಇವೇ. ಟೈಪ್ ಮಾಡಿದ ಕಂಪ್ಯೂಟರಿನ ಸೆಟ್ಟಿಂಗ್ ಮೇಲೆ ಅದು ಮಾರ್ಚ್ 12 ಆಗಿರಬಹುದು, ಡಿಸೆಂಬರ್ 3 ಆಗಿರಬಹುದು. ಹಾಗಾಗಿ ಕೋಡ್‌ನಿಂದ ಹಿಂದಕ್ಕೆ ತಿರುಗಿಸಲು ಹೋಗಬೇಡಿ, ಕಾಗದ ನೋಡಿ. ಮುಂದೆ ಟೈಪ್ ಮಾಡಿಸುವ ಮೊದಲು ಇಡೀ ಕಾಲಂ ಅನ್ನು ‘ಟೆಕ್ಸ್ಟ್’ ಮಾಡಿಡಿ. ಟೈಪ್ ಆದಮೇಲೆ ಮಾಡಿದರೆ ಪ್ರಯೋಜನ ಇಲ್ಲ.

ಎರಡು, ಹಿಡುವಳಿ. ಫಾರಂನಲ್ಲಿ 2.20 ಎಂದಿದ್ದರೆ ನಮ್ಮ ಕಡೆ ಅದು 2 ಎಕರೆ 20 ಗುಂಟೆ, ಅಂದರೆ ಎಕರೆಗೆ 40 ಗುಂಟೆ ಲೆಕ್ಕದಲ್ಲಿ 2.5 ಎಕರೆ. ಎಕ್ಸೆಲ್ ಕೊನೆಯ ಸೊನ್ನೆ ನುಂಗಿ 2.2 ಮಾಡುತ್ತದೆ. ಅದು 2 ಎಕರೆ 20 ಗುಂಟೆಯೋ, 2 ಎಕರೆ 2 ಗುಂಟೆಯೋ, ನಿಜಕ್ಕೂ 2.2 ಎಕರೆಯೋ ಎಂದು ಆಮೇಲೆ ಯಾರಿಗೂ ಹೇಳಲಾಗದು. ಎಕರೆವಾರು ಇಳುವರಿ, ಖರ್ಚು ಎಲ್ಲ ಇದೇ ಅಂಕಿಯಿಂದ ಭಾಗಿಸಿ ಬರುವುದರಿಂದ ತಪ್ಪು ಎಲ್ಲ ಟೇಬಲ್‌ಗೂ ಹರಡುತ್ತದೆ. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡಿ. ಗುಂಟೆ 0ರಿಂದ 39ರೊಳಗೇ ಇರಬೇಕೆಂದು ಕೋಬೊ ಫಾರಂನಲ್ಲೇ ನಿರ್ಬಂಧ ಹಾಕಿ.

ಊರ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ತಾಪತ್ರಯ. ‘ಕೊಪ್ಪ’ದ ‘ಕೊ’ದಲ್ಲಿರುವ ಸ್ವರಚಿಹ್ನೆ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎಕಾರ ಮತ್ತು ಊಕಾರದ ಚಿಹ್ನೆ ಸೇರಿ ಎರಡಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಆರ್‌ಗೆ ಎರಡು ಊರು. ಸ್ಟ್ರಿಂಗೈ ಪ್ಯಾಕೇಜಿನ ಎನ್‌ಎಫ್‌ಸಿ ಫಂಕ್ಷನ್ ಇದನ್ನು ಸರಿಮಾಡುತ್ತದೆ, ಆದರೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ಜಾಯ್ನರ್‌ಗಳನ್ನು ಬೇರೆಯಾಗಿ ತೆಗೆಯಬೇಕು. ಇದಕ್ಕಿಂತ 2011ರ ಜನಗಣತಿಯ 6 ಅಂಕಿಯ ಗ್ರಾಮ ಕೋಡ್ ಹಾಕಿಬಿಡುವುದು ಸಲೀಸು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಹೊಡೆದದ್ದಿದ್ದರೆ ಮೊದಲು ಯುನಿಕೋಡ್‌ಗೆ ಬದಲಿಸಿ.

ಬೀಗದಕಡತ

ಡೇಟಾ ವಿಚಾರ ಸರಿ. ಗಿಟ್ ಆಮೇಲೆ ಅನ್ನುವುದನ್ನು ಒಪ್ಪಲಾರೆ. ಕಣಜ ಅವರು ಹೇಳಿದ ತಿದ್ದುಪಡಿ ಸ್ಕ್ರಿಪ್ಟನ್ನೇ ಗಿಟ್‌ನಲ್ಲಿ ಇಡದಿದ್ದರೆ ನಾಳೆ ‘ಕ್ಲೀನ್_ಫೈನಲ್3’ ಹುಟ್ಟಿಕೊಳ್ಳುತ್ತದೆ. ಆದರೆ ಮೊದಲ ಕಮಿಟ್‌ಗೆ (ಗಿಟ್‌ನಲ್ಲಿ ದಾಖಲಿಸುವುದಕ್ಕೆ) ಮುಂಚೆಯೇ ಕಚ್ಚಾ ಫೋಲ್ಡರಿನ ಹೆಸರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಕೈಬಿಡಬೇಕಾದ ಫೈಲುಗಳ ಪಟ್ಟಿಗೆ) ಸೇರಿಸಿ. ಒಮ್ಮೆ ಕಮಿಟ್ ಆದ ಫೈಲನ್ನು ಇಗ್ನೋರ್ ತಡೆಯುವುದಿಲ್ಲ. ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಮೊಬೈಲ್ ನಂಬರುಗಳು ಹಾಗೇ ಕೂತಿರುತ್ತವೆ. ಆಗ ಫಿಲ್ಟರ್-ರೆಪೊ ಎಂಬ ಸಾಧನ ಬಳಸಿ ಇಡೀ ಇತಿಹಾಸವನ್ನೇ ತಿದ್ದಬೇಕು. ಅಷ್ಟರಲ್ಲಿ ಯಾರಾದರೂ ಕ್ಲೋನ್ (ಪೂರ್ತಿ ನಕಲು) ಮಾಡಿಕೊಂಡಿದ್ದರೆ ಮುಗಿಯಿತು.

ಡಾಕರ್ ಸದ್ಯಕ್ಕೆ ಬೇಡ. 400 ಕುಟುಂಬಗಳ ರಿಗ್ರೆಷನ್‌ಗೆ ಆರ್‌ಎನ್‌ವಿ ಧಾರಾಳ ಸಾಕು: ಶುರುವಿನಲ್ಲಿ ಇನಿಟ್, ಪ್ಯಾಕೇಜ್ ಸೇರಿಸಿದಾಗೆಲ್ಲ ಸ್ನ್ಯಾಪ್‌ಶಾಟ್, ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್. ಅದರ ಲಾಕ್ ಫೈಲ್ ಆರ್‌ನ ಆವೃತ್ತಿಯನ್ನು ಬರೆದಿಡುತ್ತದೆ, ಆ ಆವೃತ್ತಿಯನ್ನು ತಾನೇ ಇನ್‌ಸ್ಟಾಲ್ ಮಾಡುವುದಿಲ್ಲ. ಇದು ಮುಖ್ಯ. 2019ರ ಆರ್ 3.6.0ರಲ್ಲಿ ಸ್ಯಾಂಪಲ್ ಫಂಕ್ಷನ್ ಆರಿಸುವ ಕ್ರಮವೇ ಬದಲಾಯಿತು. ಸೀಡ್ (ಯಾದೃಚ್ಛಿಕ ಆಯ್ಕೆ ಶುರುವಾಗುವ ಸಂಖ್ಯೆ) ಅದೇ ಕೊಟ್ಟರೂ ಅದಕ್ಕಿಂತ ಹಳೆಯ ಆರ್‌ನಲ್ಲಿ ಬಂದ ಬೂಟ್‌ಸ್ಟ್ರಾಪ್ (ಮತ್ತೆಮತ್ತೆ ಸ್ಯಾಂಪಲ್ ತೆಗೆದು ಪಡೆದ) ಅಂಕಿ ಈಗ ಬರುವುದಿಲ್ಲ. ವಿಭಾಗದ ಲ್ಯಾಬಿನಲ್ಲಿ ಹಳೆಯ ಆರ್ ಇದ್ದರೆ ಗಮನಿಸಿ.

ಕೋಡ್‌ನಲ್ಲಿ ಫೋಲ್ಡರಿನ ದಾರಿ ಹೇಳುವ ಸೆಟ್‌ಡಬ್ಲ್ಯುಡಿ ಸಾಲುಗಳನ್ನೆಲ್ಲ ತೆಗೆದು ಹಿಯರ್ ಪ್ಯಾಕೇಜ್ ಬಳಸಿ, ‘ಸಿ ಡ್ರೈವ್, ಡೆಸ್ಕ್‌ಟಾಪ್’ ಎಂಬ ದಾರಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವುದು. ಫೈಲ್ ಹೆಸರಿನಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಬೆರೆಸಬೇಡಿ. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಲಿನಕ್ಸ್ ‘ಫೈಲೇ ಇಲ್ಲ’ ಎನ್ನುತ್ತದೆ.

ಆಮೇಲೆ ಲ್ಯಾಬಿನ ಇನ್ನೊಬ್ಬರಿಗೆ ರೆಪೊ (ಗಿಟ್‌ನಲ್ಲಿರುವ ಪ್ರಾಜೆಕ್ಟ್ ಫೋಲ್ಡರ್) ಮತ್ತು ಹೆಸರು ತೆಗೆದ ಡೇಟಾ ಕೊಟ್ಟು, ನೀವು ಪಕ್ಕದಲ್ಲಿ ಕೂರದೆ, ಟೇಬಲ್ 1 ತೆಗೆಯಲು ಹೇಳಿ. ಅವರು ಫೋನ್ ಮಾಡಿ ಕೇಳುವ ಒಂದೊಂದು ಪ್ರಶ್ನೆಯೂ ರೀಡ್‌ಮಿ ಎಂಬ ವಿವರಣೆಯ ಫೈಲಿನಲ್ಲಿ ಬಿಟ್ಟುಹೋದ ಒಂದೊಂದು ಸಾಲು.

ಹೊಲಗಣಿತ

ಇಬ್ಬರಿಗೂ ಧನ್ಯವಾದ. ಹಿಡುವಳಿ ಕಾಲಂ ತೆಗೆದು ನೋಡಿದೆ, 2.2, 1.1, 3.3 ಬೇಕಾದಷ್ಟಿವೆ. ಕಾಗದದ ಕಟ್ಟು ಬಿಚ್ಚುತ್ತೇನೆ. ಒಪ್ಪಿಗೆ ಪತ್ರದಲ್ಲಿ ‘ಮಾಹಿತಿಯನ್ನು ಗೌಪ್ಯವಾಗಿಡಲಾಗುವುದು’ ಎಂದಷ್ಟೇ ಇದೆ. ಹೆಸರು, ಫೋನ್ ತೆಗೆದರೆ ಸಾಕಾಗುತ್ತದೆಯೇ?

ಸಮಿತಿ_ಕಡೆಯವರು

ಸಾಕಾಗುವುದಿಲ್ಲ. ಸರ್ವೆ ನಂಬರ್ ಇದ್ದರೆ ಪಹಣಿ ತೆಗೆದು ಹೆಸರು ನೋಡಬಹುದು, ಅದು ಹೋಗಲೇಬೇಕು. ಜಿಪಿಎಸ್‌ನಲ್ಲಿ ದಶಮಾಂಶ ಬಿಂದುವಿನ ನಂತರ 4 ಅಂಕಿ ಇದ್ದರೆ ಸುಮಾರು 11 ಮೀಟರ್ ನಿಖರತೆ, ಅಂದರೆ ಮನೆಯೇ ಸಿಕ್ಕಿದಂತೆ. 2 ಅಂಕಿಗೆ ಇಳಿಸಿದರೆ ಒಂದು ಕಿ.ಮೀ. ಆಗುತ್ತದೆ, ಒಂಟಿ ತೋಟದ ಮನೆಗೆ ಅದೂ ಸಾಲದು. ಡಿಎಚ್‌ಎಸ್ ಎಂಬ ಜನಸಂಖ್ಯೆ-ಆರೋಗ್ಯ ಸರ್ವೆಗಳು ಗ್ರಾಮೀಣ ಕ್ಲಸ್ಟರ್‌ಗಳ (ಸರ್ವೆಗೆ ಆರಿಸಿದ ಮನೆಗಳ ಗುಂಪುಗಳ) ಬಿಂದುವನ್ನು 5 ಕಿ.ಮೀ.ವರೆಗೆ, ಕೆಲವನ್ನು 10 ಕಿ.ಮೀ.ವರೆಗೂ ಬೇಕೆಂದೇ ಸರಿಸಿ ಕೊಡುತ್ತವೆ. ನಿಮ್ಮ ವಿಶ್ಲೇಷಣೆಗೆ ಬೇಕಿರುವುದು ಮಾರುಕಟ್ಟೆಯ ದೂರ ಮಾತ್ರವಾದರೆ ದೂರವನ್ನು ಲೆಕ್ಕಹಾಕಿ ಇಟ್ಟುಕೊಂಡು ಜಿಪಿಎಸ್ ಕೈಬಿಡಿ.

ಆಮೇಲೆ ಊರು, ಜಾತಿ, ವಯಸ್ಸು, ಹಿಡುವಳಿ ಸೇರಿಸಿ ಎಣಿಸಿ. ಒಂದು ಗುಂಪಿನಲ್ಲಿ 5ಕ್ಕಿಂತ ಕಡಿಮೆ ಕುಟುಂಬ ಬಂದರೆ ವಯಸ್ಸನ್ನು ಹತ್ತು ವರ್ಷದ ಗುಂಪು ಮಾಡಿ, ಊರಿನ ಬದಲು ಹೋಬಳಿ ಹಾಕಿ. ಊರಿನಲ್ಲಿ 30 ಎಕರೆ ಇರುವ ಮನೆ ಒಂದೇ ಆಗಿದ್ದರೆ ಹೆಸರು ಬೇಕಿಲ್ಲ, ಬಸ್‌ಸ್ಟಾಂಡಿನಲ್ಲಿ ಕೇಳಿದರೆ ಹೇಳುತ್ತಾರೆ.

‘ಗೌಪ್ಯ’ ಎಂದಷ್ಟೇ ಬರೆಸಿಕೊಂಡ ಮೊದಲ ಸುತ್ತಿನ ಕುಟುಂಬವಾರು ಡೇಟಾವನ್ನು ನಿಮ್ಮಷ್ಟಕ್ಕೆ ಬಹಿರಂಗ ಮಾಡಬೇಡಿ, ಎಥಿಕ್ಸ್ ಸಮಿತಿಯನ್ನು ಕೇಳಿ. ಕೋಡ್, ಡೇಟಾ ಡಿಕ್ಷನರಿ (ಪ್ರತಿ ಕಾಲಂನ ವಿವರ), ಪ್ರಶ್ನಾವಳಿ, ಸಿಂಥ್‌ಪಾಪ್ ಪ್ಯಾಕೇಜಿನಿಂದ ಮಾಡಿದ ಕೃತಕ ಡೇಟಾ, ಇವಿಷ್ಟನ್ನು ಈಗಲೇ ಕೊಡಬಹುದು. ಕೋಡ್ ಓಡುತ್ತದೋ ಇಲ್ಲವೋ ನೋಡಲು ಕೃತಕ ಡೇಟಾ ಸಾಕು, ನಿಮ್ಮ ಅಂಕಿಗಳು ಅದರಿಂದ ಬರುವುದಿಲ್ಲ ಎಂದು ರೀಡ್‌ಮಿಯಲ್ಲಿ ಬರೆಯಿರಿ. ಎರಡನೇ ಸುತ್ತಿಗೆ ‘ಗುರುತು ಸಿಗದಂತೆ ಮಾಡಿ ಬೇರೆ ಸಂಶೋಧಕರಿಗೂ ಕೊಡಬಹುದು: ಹೌದು / ಇಲ್ಲ’ ಎಂಬ ಪ್ರತ್ಯೇಕ ಸಾಲು ಸೇರಿಸಿ, ಹೋಗುವ ಮೊದಲೇ ತಿದ್ದುಪಡಿಗೆ ಅನುಮೋದನೆ ಪಡೆಯಿರಿ. ‘ಇಲ್ಲ’ ಎಂದವರನ್ನೂ ಸರ್ವೆಗೆ ಸೇರಿಸಿಕೊಳ್ಳಿ.

ಪ್ರೀರಿಜಿಸ್ಟ್ರೇಷನ್ ಮಾಡಬೇಕಿರುವುದೂ ಎರಡನೇ ಸುತ್ತಿಗೇ. ಮೊದಲ ಸುತ್ತಿನಲ್ಲಿ ಏನೇನು ನೋಡಿಯಾಗಿದೆ ಎಂಬುದನ್ನು ಅದರಲ್ಲಿ ಬಿಚ್ಚಿ ಬರೆಯಿರಿ. ಓಎಸ್‌ಎಫ್ ಎಂಬ ನೋಂದಣಿ ತಾಣದಲ್ಲಿ 4 ವರ್ಷದವರೆಗೆ ಅದನ್ನು ಮುಚ್ಚಿಡಬಹುದು, ಗೈಡ್‌ಗೆ ಇದನ್ನೇ ತೋರಿಸಿ. ಝೆನೋಡೊದಲ್ಲೂ ವಿವರ ತೆರೆದಿಟ್ಟು ಫೈಲುಗಳಿಗೆ ಮಾತ್ರ ಎಂಬಾರ್ಗೊ ದಿನಾಂಕ (ಅಲ್ಲಿಯವರೆಗೆ ಮುಚ್ಚಿಡುವ ದಿನ) ಹಾಕಬಹುದು, ಅದನ್ನು ಪೇಪರ್ ಬರುವ ಅಂದಾಜಿಗೆ ಇಡಿ. ತಾರೀಖು ಸಮೇತ ದಾಖಲೆ ನಿಮ್ಮ ಹೆಸರಿನಲ್ಲೇ ಇರುವುದರಿಂದ ಅವರ ಭಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಝೆನೋಡೊ ಕೊಡುವ ಡಿಒಐಯನ್ನು (ದಾಖಲೆಯ ಶಾಶ್ವತ ಗುರುತು ಸಂಖ್ಯೆ) ಪ್ರಕಟಿಸುವ ಮೊದಲೇ ಕಾಯ್ದಿರಿಸಿಕೊಂಡು ಥೀಸಿಸ್‌ನಲ್ಲಿ ಹಾಕಬಹುದು. ಪ್ರಕಟವಾದ ಮೇಲೆ ಫೈಲ್ ಬದಲಿಸಬೇಕಾದರೆ ಹೊಸ ಆವೃತ್ತಿ, ಹೊಸ ಡಿಒಐ ಆಗುತ್ತದೆ. ಎಲ್ಲ ಆವೃತ್ತಿಗೂ ಸೇರಿದ ಡಿಒಐ ಬೇರೆ ಇರುತ್ತದೆ, ಅದು ಯಾವಾಗಲೂ ಇತ್ತೀಚಿನದಕ್ಕೆ ಕರೆದೊಯ್ಯುತ್ತದೆ. ಥೀಸಿಸ್‌ನಲ್ಲಿ ಹಾಕಬೇಕಿರುವುದು ಅದನ್ನಲ್ಲ, ನಿಮ್ಮ ಟೇಬಲ್‌ಗಳು ಬಂದ ಆವೃತ್ತಿಯದನ್ನು.