ಮನುಷ್ಯ ಒಳ್ಳೆಯವನೇ ಆಗಿದ್ದರೆ ರೂಸೋಗೆ ಕಾನೂನು ಯಾಕೆ ಬೇಕಾಯ್ತು?

ಪ್ರಶ್ನೆ

ಎಂ.ಎ. ರಾಜ್ಯಶಾಸ್ತ್ರ ಓದುತ್ತಿದ್ದೇನೆ. ನೋಟ್ಸ್‌ನಲ್ಲಿ ಇರೋದು ಒಂದೇ ಸಾಲು: ಇಂಗ್ಲಿಷ್ ಚಿಂತಕ ಹಾಬ್ಸ್ ಪ್ರಕಾರ ಮನುಷ್ಯ ಕೆಟ್ಟವನು, ಫ್ರೆಂಚ್‌ನಲ್ಲಿ ಬರೆದ ಚಿಂತಕ ರೂಸೋ ಪ್ರಕಾರ ಒಳ್ಳೆಯವನು. ಆದರೆ 1762ರ ‘ಸಾಮಾಜಿಕ ಒಪ್ಪಂದ’ದಲ್ಲಿ ಇದೇ ರೂಸೋ, ಸಾಮಾನ್ಯ ಇಚ್ಛೆಗೆ (ಅಂದರೆ ಎಲ್ಲರ ಒಳಿತನ್ನು ಬಯಸುವ ಇಡೀ ಜನರ ಇಚ್ಛೆಗೆ) ಒಪ್ಪದವರನ್ನು ಬಲವಂತದಿಂದಾದರೂ ಒಪ್ಪಿಸಬೇಕು ಅನ್ನುತ್ತಾನೆ. ಒಳ್ಳೆಯವರಿಗೆ ಬಲವಂತ ಯಾಕೆ? ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ 1

ಆ ಸಾಲನ್ನು ಮೊದಲು ಹೊಡೆದುಹಾಕಿ. ಪದವಿ ತರಗತಿಗೆ ರೂಸೋ ಪಾಠ ಮಾಡಿದವನು ನಾನು. ಅವನಿಗೆ ಇಷ್ಟು ಅನ್ಯಾಯ ಮಾಡುವ ಸಾಲು ಇನ್ನೊಂದಿಲ್ಲ.

1755ರಲ್ಲಿ ಬಂದ ಅಸಮಾನತೆಯ ಪ್ರಬಂಧ ಓದಿ. ಸಮಾಜ ಹುಟ್ಟುವ ಮೊದಲಿನ ಕಾಡಿನ ಮನುಷ್ಯನಿಗೆ ಸದ್ಗುಣವೂ ಇಲ್ಲ, ದುರ್ಗುಣವೂ ಇಲ್ಲ ಅನ್ನುತ್ತಾನೆ. ಅವನಲ್ಲಿ ಇರೋದು ಎರಡು: ತನ್ನ ಜೀವ ಉಳಿಸಿಕೊಳ್ಳುವ ಆಸೆ, ಇನ್ನೊಬ್ಬರ ನೋವು ಕಂಡಾಗ ಆಗುವ ಸಂಕಟ. ಈ ಸಂಕಟ ಯೋಚನೆಗಿಂತ ಮೊದಲೇ ಇರುವಂಥದ್ದು. ಜೀವ ಇರುವ ದೇಹವನ್ನು ತುಳಿಯಲು ಕುದುರೆ ಕೂಡ ಹಿಂಜರಿಯುತ್ತದೆ ಅಂತ ಉದಾಹರಣೆ ಕೊಡುತ್ತಾನೆ. ಇಡೀ ಪ್ರಬಂಧದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಕೇಡು ಆಮೇಲೆ ಬರುತ್ತದೆ. ಜನ ಗುಡಿಸಲ ಮುಂದೆ, ದೊಡ್ಡ ಮರದ ಸುತ್ತ ಸೇರಿ ಹಾಡಿ ಕುಣಿಯುತ್ತಾರೆ. ಯಾರ ಹಾಡು ಚೆನ್ನ, ಯಾರು ಚೆಂದ ಅಂತ ಒಬ್ಬರನ್ನೊಬ್ಬರು ಅಳೆಯತೊಡಗುತ್ತಾರೆ. ಬೇರೆಯವರ ಕಣ್ಣಲ್ಲಿ ದೊಡ್ಡವನಾಗಬೇಕು ಅನ್ನುವ ಹಸಿವು ಅಲ್ಲಿಂದಲೇ ಶುರು. ಕಬ್ಬಿಣ, ಬೇಸಾಯ, ಬೇಲಿ ಬಂದ ಮೇಲೆ ಒಬ್ಬ ಧಣಿ, ಇನ್ನೊಬ್ಬ ಆಳು.

ಹಾಗಾದರೆ ಮತ್ತೆ ಕಾಡಿಗೆ ಹೋಗಿ ಕರಡಿಗಳ ಜೊತೆ ಇರಬೇಕಾ? ಟಿಪ್ಪಣಿಯಲ್ಲಿ ಅವನೇ ಇದನ್ನು ಕೇಳಿ, ಇದು ವಿರೋಧಿಗಳು ಎಳೆದು ತರುವ ತೀರ್ಮಾನ ಅನ್ನುತ್ತಾನೆ. ಹಿಂದಕ್ಕೆ ಹೋಗುವ ದಾರಿ ಇಲ್ಲ. ಇಂಥ ಮನುಷ್ಯರು ಒಬ್ಬರಿಗೊಬ್ಬರು ಆಳಾಗದೆ ಒಟ್ಟಿಗೆ ಬಾಳುವುದು ಹೇಗೆ? 1762ರ ಪುಸ್ತಕವನ್ನು ನಾನು ಈ ಪ್ರಶ್ನೆ ಇಟ್ಟುಕೊಂಡೇ ಓದುತ್ತೇನೆ. ಬಲವಂತದ ಮಾತು ಇರೋದು ಮೊದಲ ಭಾಗದ ಏಳನೇ ಅಧ್ಯಾಯದಲ್ಲಿ. ಅದರ ಬೆನ್ನಲ್ಲೇ ಕಾರಣವನ್ನೂ ಕೊಡುತ್ತಾನೆ: ಹೀಗಾದರೆ ಯಾರೂ ಇನ್ನೊಬ್ಬ ವ್ಯಕ್ತಿಯ ಹಂಗಿನಲ್ಲಿ ಇರಬೇಕಾಗಿಲ್ಲ. ಕಾರಣ ದೊಡ್ಡದೇ. ಆದರೂ ಸಾಮಾನ್ಯ ಇಚ್ಛೆ ಇದೇ ಅಂತ ತೀರ್ಮಾನಿಸುವವರೇ ತಪ್ಪಿದರೆ ಏನು ಗತಿ? ಆ ಭಯ ನನಗೆ ಹೋಗಿಲ್ಲ.

ಉತ್ತರ 2

ಆ ಭಯಕ್ಕೆ 1748ರಲ್ಲೇ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಉತ್ತರ ಕೊಟ್ಟಿದ್ದ ಅಲ್ವಾ ಸರ್? ಅಧಿಕಾರ ಸಿಕ್ಕ ಯಾರೇ ಆಗಲಿ ಅದನ್ನು ದುರುಪಯೋಗ ಮಾಡುವ ಕಡೆಗೇ ವಾಲುತ್ತಾರೆ, ಹಾಗಾಗಿ ಅಧಿಕಾರವನ್ನು ಅಧಿಕಾರವೇ ತಡೆಯಬೇಕು ಅಂತ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಇನ್ನೊಬ್ಬರ ನೋವು ಕಂಡಾಗಿನ ಆ ಸಂಕಟ ಹುಟ್ಟಿನಿಂದಲೇ ಬರುತ್ತದೆ ಅನ್ನೋದನ್ನು ಆಗಿನವರೆಲ್ಲ ಒಪ್ಪಿದ್ದರಾ?

ಉತ್ತರ 1

ಇಲ್ಲ. ಅದೇ ಕಾಲದ ಫ್ರೆಂಚ್ ಚಿಂತಕ ಹೆಲ್ವೆಷಿಯಸ್ ಒಪ್ಪಲಿಲ್ಲ. ಅವನು ತೀರಿಕೊಂಡ ಮೇಲೆ, 1773ರಲ್ಲಿ, ಅವನ ಪುಸ್ತಕ ‘ಮನುಷ್ಯನ ಕುರಿತು’ ಅಚ್ಚಾಯಿತು. ಕರುಣೆ ಕೂಡ ಕಲಿಸಿದ್ದರಿಂದ ಬಂದದ್ದು, ಶಿಕ್ಷಣವೇ ಎಲ್ಲ ಅನ್ನೋದು ಅವನ ವಾದ. ಬಡವರ ಮಕ್ಕಳಿಗೂ ಬಾಗಿಲು ತೆರೆಯುವ ಮಾತು ಅದು, ಹಗುರವಾಗಿ ತಳ್ಳಿಹಾಕಬೇಡಿ. ಎಲ್ಲವನ್ನೂ ಶಿಕ್ಷಣಕ್ಕೇ ಕಟ್ಟಿದ್ದನ್ನು ಮಾತ್ರ ಇನ್ನೊಬ್ಬ ಫ್ರೆಂಚ್ ಚಿಂತಕ ಡಿಡೆರೋ ಒಪ್ಪಲಿಲ್ಲ. ಒಬ್ಬೊಬ್ಬರ ದೇಹ, ಮಿದುಳು ಒಂದೊಂದು ಥರ, ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಲು ಆಗಲ್ಲ ಅಂತ ಉದ್ದಕ್ಕೆ ಖಂಡನೆ ಬರೆದ. ರೂಸೋ ಮುಗಿಸಿ ಅದನ್ನು ಓದಿ.