ಅಪ್‌ಡೇಟ್: ನಾಗಪಾಡಾ ಬಾಸ್ಕೆಟ್‌ಬಾಲ್ ಕೋರ್ಟಿಗೆ ಹೋಗಿದ್ದೆರೀ

ಹೋದ ತಿಂಗಳು ಕೇಳಿದ್ನಲ್ಲ, ಧಾರವಾಡದಿಂದ ಮುಂಬೈಗೆ ಬಂದೇನಿ, ಮರಾಠಿ ಬರಂಗಿಲ್ಲ, ಇಲ್ಲಿ ಮಂದಿ ಜೋಡಿ ಗೆಳೆತನ ಹೆಂಗ ಮಾಡೋದು ಅಂತ, ಆಗ ನಿಮ್ಮಲ್ಲೊಬ್ರು ಬಾಸ್ಕೆಟ್‌ಬಾಲ್ ಬರ್ತದಲ್ಲ, ಮುಂಬೈಯಾಗ ಬಾಸ್ಕೆಟ್‌ಬಾಲಿಗೆ ಹೆಸರಾದ ನಾಗಪಾಡಾ ಏರಿಯಾಕ್ಕ ಹೋಗು ಅಂದಿದ್ರಿ. ದಾದರದಿಂದ ಸ್ಲೋ ಲೋಕಲ್ ಟ್ರೇನ್ ಹಿಡಿದು ಭಾಯಖಳಾ (ಬೈಕುಲಾ) ಸ್ಟೇಷನ್ನಾಗ ಇಳಿದು ನಡ್ಕೊಂತ ಹೋದೆ.

ಅಲ್ಲಿ ಹುಡುಗ್ರು ಸಣ್ಣಾಗಿಂದ ಆಡಿ ಬೆಳೆದೋರು, ಏನ್ ಆಟ ರೀ ಅದು! ಅರ್ಧ ತಾಸು ಬರೇ ನಿಂತು ನೋಡಿದೆ, ಆಮ್ಯಾಲ ಧೈರ್ಯ ಮಾಡಿ "ನೆಕ್ಸ್ಟ್" (ಮುಂದಿನ ಗೇಮ್ ನಾನೂ ಆಡ್ತೇನಿ) ಅಂದೆ, ಅಷ್ಟ ಸಾಕಾತು. ಅರ್ಧ ಕೋರ್ಟಿನಾಗ ಒಂದ ಬಾಸ್ಕೆಟಿಗೆ ಆಟ, ಟೀಮಿಗೆ 3 ಮಂದಿ, 11 ಪಾಯಿಂಟಿಗೆ ಗೇಮ್, ಗೆದ್ದೋರು ಒಳಗ ಉಳೀತಾರ, ಸೋತೋರು ಹೊರಗ. ರೆಫ್ರಿ ಇಲ್ಲ, ಫೌಲ್ ಆದ್ರ ನಾವ ಹೇಳ್ಬೇಕು, ತಕರಾರು ಬಂದ್ರ ಒಬ್ಬ ದೂರದಿಂದ ಶೂಟ್ ಮಾಡ್ತಾನ, ಬಾಸ್ಕೆಟಿನಾಗ ಬಿದ್ರ ಬಾಲ್ ಅವನ ಟೀಮಿಗೆ. ಸ್ಕ್ರೀನ್ ಕೊಟ್ರ (ಎದುರಾಳಿಗೆ ಅಡ್ಡ ನಿಂತು ನಮ್ಮೋರಿಗೆ ದಾರಿ ಮಾಡಿಕೊಟ್ರ), ಪಾಸ್ ಕೊಟ್ರ, ಡಿಫೆನ್ಸಿಗೆ ವಾಪಸ್ ಓಡಿ ಬಂದ್ರ ಅವ್ರ ತಾವಾಗೇ ಹೆಸರು ಕೇಳ್ತಾರ. ಬರೇ ಶೂಟ್ ಮಾಡೋರ್ಗಿಂತ ಪಾಸ್ ಕೊಡೋರನ್ನ ಮತ್ತ ಕರೀತಾರ, ಇದು ನನಗ ಖಾತ್ರಿ ಆಗೇತಿ.

ಈಗ ಪ್ರತಿ ಶನಿವಾರ ಹೋಗ್ತೇನಿ, ಆಟ ಆದ್ಮ್ಯಾಲ ಎಲ್ಲಾರೂ ಕೂಡಿ ಕಟಿಂಗ್ ಚಾ (ಅರ್ಧ ಗ್ಲಾಸ್ ಚಾ) ಕುಡೀತೇವಿ, ಮರಾಠಿಯಾಗ ಸ್ಕೋರ್ ಎಣಿಸೋದೂ ಕಲ್ತೆ. ಸಲಹಾ ಕೊಟ್ಟೋರಿಗೆ ಮನಸಾರೆ ಥ್ಯಾಂಕ್ಸ್ ರೀ. ದಾದರ, ಮಾಟುಂಗಾ ಕಡೆ ಕನ್ನಡದೋರು ಯಾರರ ಆಡೋರಿದ್ರ ಹೇಳ್ರಿ, ಈ ಶನಿವಾರ ನಮ್ಮ ಟೀಮಿಗೆ ಒಬ್ರು ಬೇಕಾಗ್ಯಾರ.