20 ತಿಂಗಳ ಇಲಿಗಳು ಬೀಪ್‌ಗೆ ಹೆದರುತ್ತಿಲ್ಲ: ಇದು ಮರೆವೇನಾ?

ಕರಿಇಲಿ_ಧಾರವಾಡ
ಧಾರವಾಡದ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಯಸ್ಸಾದಂತೆ ನೆನಪು ಹೇಗೆ ಕುಗ್ಗುತ್ತದೆ ಅನ್ನೋದು ವಿಷಯ. ಸಿ57ಬಿಎಲ್/6ಜೆ (ಚಿಕ್ಕದಾಗಿ ಬಿ6) ತಳಿಯ ಇಲಿಗಳು, ಒಂದು ಗುಂಪು 3 ತಿಂಗಳದ್ದು, ಇನ್ನೊಂದು 20 ತಿಂಗಳದ್ದು. ಮೊದಲ ದಿನ 10 ಕಿಲೋಹರ್ಟ್ಸ್ ಬೀಪ್, ಅದು ಮುಗಿಯುವಾಗ ಕಾಲಿಗೆ ಸಣ್ಣ ಶಾಕ್. ಮರುದಿನ ಅದೇ ಪೆಟ್ಟಿಗೆಗೆ ಬಿಟ್ಟರೆ ಮುದಿ ಇಲಿಗಳೂ ಎಳೆಯವುಗಳಷ್ಟೇ ಹೆದರಿ ಗಪ್ಪಂತ ನಿಲ್ಲುತ್ತವೆ. ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಪ್ ಹಾಕಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ಮೂಸುತ್ತಾ, ಮೀಸೆ ಒರೆಸಿಕೊಳ್ಳುತ್ತಾ ಓಡಾಡುತ್ತವೆ. ಗೈಡ್ 'ಮೆಮೊರಿ ಲಾಸ್ ಅಂತ ಬರೆದುಬಿಡು' ಅಂತಾರೆ. ಯಾಕೋ ಮನಸ್ಸು ಒಪ್ಪುತ್ತಿಲ್ಲ.

ಹುಬ್ಬಳ್ಳಿ_ವೈರಿಂಗ್
ನೆಲದ ಕಂಬಿಗಳ ನಡುವೆ ಹಿಕ್ಕೆ, ಉಚ್ಚೆ ಸಿಕ್ಕಿಕೊಂಡರೆ ಶಾಕ್ ಸರಿಯಾಗಿ ತಾಗಲ್ಲ. ಮೊದಲು ಅದನ್ನ ನೋಡ್ರಿ.

ಕರಿಇಲಿ_ಧಾರವಾಡ
ಪ್ರತಿ ಇಲಿ ಆದಮೇಲೂ ಒರೆಸುತ್ತೇವೆ. ಶಾಕ್‌ಗೆ ಮುದಿ ಇಲಿಗಳೂ ಜಿಗಿದು ಕಿರುಚುತ್ತವೆ.

ಹಳೇಪಂಜರ
ಶಾಕ್ ಸರಿ ಇದೆ, ಇಲ್ಲದಿದ್ದರೆ ಪೆಟ್ಟಿಗೆಗೂ ಹೆದರುತ್ತಿರಲಿಲ್ಲ. ನಿಮ್ಮ ಅನುಮಾನ ಸರಿಯಾಗೇ ಇದೆ. ಜಾಗದ ನೆನಪಿಗೆ ಮೆದುಳಿನ ಹಿಪೊಕ್ಯಾಂಪಸ್ ಭಾಗ ಬೇಕು, ಬೀಪ್-ಶಾಕ್ ನಂಟಿಗೆ ಮುಖ್ಯವಾಗಿ ಅಮಿಗ್ಡಲಾ ಅನ್ನೋ ಇನ್ನೊಂದು ಭಾಗ ಸಾಕು. ವಯಸ್ಸಿನ ಮರೆವಾಗಿದ್ದರೆ ಮೊದಲು ಜಾಗದ ನೆನಪು ಕುಸಿಯಬೇಕಿತ್ತು. ನಿಮ್ಮಲ್ಲಿ ಉಲ್ಟಾ ಆಗಿದೆ.

ಅವಕ್ಕೆ ಕಿವಿ ಕೇಳಿಸುತ್ತಿಲ್ಲ, ಅಷ್ಟೇ. ಬಿ6 ತಳಿಯಲ್ಲಿ ಸಿಡಿಎಚ್23 ಜೀನ್‌ನ ಒಂದು ದೋಷ ಹುಟ್ಟಿನಿಂದಲೇ ಇರುತ್ತದೆ. ಒಳಕಿವಿಯಲ್ಲಿ ಸದ್ದು ಹಿಡಿಯುವ ಕೂದಲ ಕೋಶಗಳ ತುದಿಯ ಎಳೆಗಳನ್ನು ಹಿಡಿದಿಡುವ ಪ್ರೋಟೀನ್ ಆ ಜೀನ್‌ನಿಂದಲೇ ಬರೋದು. ಮೊದಲು ಎತ್ತರದ ಸ್ವರ ಹೋಗುತ್ತದೆ, ವಯಸ್ಸಾದಂತೆ ಕೆಳಗಿನ ಸ್ವರಗಳೂ. ಎಲ್ಲಾ ಇಲಿಗಳಲ್ಲೂ ಒಂದೇ ದೋಷ ಇರುವುದರಿಂದ ನಿಮ್ಮ ಫಲಿತಾಂಶ ಅಷ್ಟು ಚೊಕ್ಕವಾಗಿ ಬಂದಿದೆ.

ಇಲಿಗೆ ಕಾಣದ ಹಾಗೆ, ಗಾಳಿ ತಾಗದ ಹಾಗೆ, ಪಂಜರದ ಹಿಂದಿನಿಂದ ಲೋಹದ ಕ್ಲಿಕ್ಕರ್ ಒತ್ತಿ. ಕಿವಿ ಚುರಕ್ ಅಂತ ಅಲುಗಬೇಕು. ಇದು ಒರಟು ಪರೀಕ್ಷೆ, ಪೇಪರ್‌ಗೆ ಎಬಿಆರ್ (ಸದ್ದಿಗೆ ಕಿವಿಯ ನರ, ಮೆದುಳುಕಾಂಡ ಕೊಡುವ ವಿದ್ಯುತ್ ಸ್ಪಂದನೆ ಅಳೆಯುವ ಪರೀಕ್ಷೆ) ಬೇಕೇ ಬೇಕು.

ಗದಗ_ಮೇಷ್ಟ್ರು
ನಾನು ಹೈಸ್ಕೂಲ್ ವಿಜ್ಞಾನದವನು. ತಳಿಗೇ ಇಂಥ ಕಾಯಿಲೆ ಅಂಟಿದ್ದರೆ ಇಲಿಯಿಂದ ಮನುಷ್ಯರ ಮುಪ್ಪು ತಿಳಿಯುವುದು ಹೇಗೆ?

ಹಳೇಪಂಜರ
ಕನಿಷ್ಠ 20 ತಲೆಮಾರು ಅಣ್ಣ-ತಂಗಿ ಕೂಡಿಸಿ ಮಾಡಿದ ತಳಿ, ಮೇಷ್ಟ್ರೇ. ನೂರು ಇಲಿ ಅಳೆದರೂ ಒಬ್ಬನೇ ಮನುಷ್ಯನನ್ನು ನೂರು ಸಲ ಅಳೆದ ಹಾಗೆ. ಆ ಒಬ್ಬನಿಗೆ ಬರುವ ಕಾಯಿಲೆಯೇ ನಿಮಗೆ ಬೇಕಿದ್ದರೆ ಅದು ಚಿನ್ನ. ಡಿಬಿಎ/2ಜೆ ಅನ್ನೋ ತಳಿಯ ಇಲಿಗಳಲ್ಲಿ ಕಣ್ಣಿನ ಬಣ್ಣದ ಕಣಗಳು ಉದುರಿ, ಒತ್ತಡ ಏರಿ, ಮುಪ್ಪಿಗೆ ಗ್ಲಾಕೋಮಾ ಬರುತ್ತದೆ. ಅದನ್ನು ಓದಲು ಒಳ್ಳೇ ಮಾದರಿ. ಅದೇ ಇಲಿಯನ್ನು ಕಣ್ಣಿನಿಂದ ದಾರಿ ಹುಡುಕುವ ಪರೀಕ್ಷೆಗೆ ಇಳಿಸಿದರೆ ಕುರುಡನ್ನು ದಡ್ಡ ಅಂದ ಹಾಗಾಗುತ್ತದೆ. ಸಿ3ಎಚ್, ಎಫ್‌ವಿಬಿ ತಳಿಗಳಂತೂ ಮರಿಯಿದ್ದಾಗಲೇ ದೃಷ್ಟಿ ಕಳೆದುಕೊಳ್ಳುತ್ತವೆ. ಎಕೆಆರ್ ತಳಿಗೆ ವರ್ಷ ತುಂಬುವಷ್ಟರಲ್ಲೇ ಎದೆಯೊಳಗಿನ ಥೈಮಸ್ ಗ್ರಂಥಿಯ ಕ್ಯಾನ್ಸರ್. ಅಂಥದರಲ್ಲಿ ಮುಪ್ಪು ಅಳೆದು ಏನು ಉಪಯೋಗ?

ಅದಕ್ಕೇ ಅಮೆರಿಕದಲ್ಲಿ ಆಯಸ್ಸು ಹೆಚ್ಚಿಸುವ ಔಷಧಿ ಪರೀಕ್ಷೆಗೆ ನಾಲ್ಕು ತಳಿ ಬೆರೆಸಿದ ಯುಎಂ-ಎಚ್‌ಇಟಿ3 ಇಲಿ ಬಳಸುತ್ತಾರೆ. 2009ರಲ್ಲಿ 600 ದಿನದ ಇಲಿಗಳಿಗೆ ರಾಪಮೈಸಿನ್ ಅನ್ನೋ ಔಷಧಿ ಕೊಟ್ಟು ಆಯಸ್ಸು ಹೆಚ್ಚಿದ್ದು ಕಂಡಿದ್ದು ಅವುಗಳಲ್ಲೇ.

ಕರಿಇಲಿ_ಧಾರವಾಡ
ಕ್ಲಿಕ್ಕರ್ ಒತ್ತಿ ನೋಡಿದೆ. ಎಳೆಯವುಗಳ ಕಿವಿ ಪ್ರತಿ ಸಲ ಅಲುಗಿತು. ಮುದಿ ಇಲಿಗಳಲ್ಲಿ ಒಂದೂ ಇಲ್ಲ. ಒಂದಂತೂ ತಿನ್ನುತ್ತಿದ್ದ ಕಾಳನ್ನೂ ಬಿಡಲಿಲ್ಲ! ವಿಡಿಯೋ ನೋಡಿ ಗೈಡ್ ಸುಮ್ಮನಾದರು. ಬೀಪ್ ಬದಲು ಬಲ್ಬ್ ಹಾಕಬಹುದಾ?

ಹಳೇಪಂಜರ
ಹಾಕಬಹುದು, ಆದರೆ ಇಲಿಗಳು ಬೆಳಕಿಗಿಂತ ಸದ್ದನ್ನು ಬೇಗ ಕಲಿಯುತ್ತವೆ. ಎಳೆಯವುಗಳಲ್ಲಿ ಮೊದಲು ಸೆಟ್ ಮಾಡಿಕೊಳ್ಳಿ. ಮುಂದಿನ ಬ್ಯಾಚ್‌ಗೆ ಆ ಜೀನ್ ಸರಿಪಡಿಸಿದ ಬಿ6 ಇಲಿ ಸಿಗುತ್ತಾ ಕೇಳಿ. ಪ್ರೋಟೋಕಾಲ್ ಬದಲಾದರೆ ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಹಾಕೋದು ಮರೀಬೇಡಿ.

ಕರಿಇಲಿ_ಧಾರವಾಡ
ಅರ್ಜಿ ಬರೆಯುತ್ತಿದ್ದೇನೆ. ಹುಬ್ಬಳ್ಳಿ ಕಡೆ ಎಬಿಆರ್ ಮೆಷಿನ್ ಇರುವ ಲ್ಯಾಬ್ ಯಾರಿಗಾದರೂ ಗೊತ್ತಿದ್ದರೆ ಮೆಸೇಜ್ ಹಾಕಿ.